ದೊಡ್ಡತ್ತೆ ಮಲಗಿದ್ದಾರೆ

ಈಗಲೂ ಹೇಳುತ್ತೇನೆ, ಆ ಬೋರ್ಡಿನಲ್ಲಿ ತಪ್ಪು ಒಂದೂ ಇರಲಿಲ್ಲ. ಕಾಗುಣಿತ ಸರಿಯಿತ್ತು, ಕರ್ತೃವಿಗೆ ತಕ್ಕ ಕ್ರಿಯಾಪದವಿತ್ತು, ಪೂರ್ಣವಿರಾಮ ಕೂಡ ಇಡಬೇಕಾದ ಕಡೆಯೇ ಇತ್ತು. ಇಪ್ಪತ್ತಾರು ವರ್ಷ ಪ್ರೆಸ್ಸಿನಲ್ಲಿ ಕೂತು ಊರವರ ತಪ್ಪುಗಳನ್ನೆಲ್ಲ ತಿದ್ದಿದ ಮನುಷ್ಯ ನಾನು. ಮದುವೆ ಪತ್ರಿಕೆಯಲ್ಲಿ 'ವರ' ಹೋಗಿ 'ಬರ' ಆಗಿದ್ದನ್ನು, ಔಷಧಿಯ ಚೀಟಿಯಲ್ಲಿ 'ಊಟದ ನಂತರ' ಹೋಗಿ 'ಓಟದ ನಂತರ' ಆಗಿದ್ದನ್ನು ಕೊನೇ ಗಳಿಗೆಯಲ್ಲಿ ಹಿಡಿದು ಎಷ್ಟೋ ಸಂಸಾರಗಳನ್ನು ಉಳಿಸಿದ್ದೇನೆ. ಅಂಥವನು ತನ್ನ ಮನೆ ಮುಂದೆ, ತನ್ನ ಕೈಯಾರೆ ಬರೆದ ಎರಡು ಸಾಲಿನಲ್ಲಿ ತಪ್ಪು ಮಾಡುತ್ತಾನೆಯೇ? ಬೀದಿಯವರು ಅದನ್ನು ತಪ್ಪಾಗಿ ಓದಿಕೊಂಡರು. ಅದಕ್ಕೆ ಬರೆದವನು ಏನು ಮಾಡಲಿ?

ಶುರುವಾದದ್ದು ನಗರಸಭೆಯ ಒಂದು ನೋಟೀಸಿನಿಂದ. ನಮ್ಮ ಬೀದಿಯ ಪ್ರತಿ ಮನೆಯ ಕಾಂಪೌಂಡಿಗೂ ರಸ್ತೆಗೂ ನಡುವೆ ಹದಿನಾಲ್ಕು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ತುಂಡು ನೆಲವಿದೆ. ನೆಲ ನಗರಸಭೆಯದು, ಕಳೆ ಕೀಳುವ ಭಾಗ್ಯ ನಮ್ಮದು. ಆ ಜಾಗದಲ್ಲಿ ವರ್ಷದ ಎಲ್ಲ ಕಾಲದಲ್ಲೂ ಅಂದವಾಗಿ ಕಾಣುವ 'ಕೈತೂಟ' ಇಟ್ಟುಕೊಂಡವರಿಗೆ ಮಾತ್ರ ಜಾಗ ಉಳಿಯುತ್ತದೆ, ಮಿಕ್ಕವರ ಜಾಗಕ್ಕೆ ಸಿಮೆಂಟ್ ಹಾಕಿ ಕಾರು ನಿಲ್ಲಿಸಲು ಕೊಡಲಾಗುತ್ತದೆ, ತನಿಖೆಗೆ ಚಳಿಗಾಲದ ನಟ್ಟನಡುವೆ ಬರುತ್ತೇವೆ ಎಂದು ನೋಟೀಸಿನಲ್ಲಿತ್ತು. ನಾನು ಮೊದಲು 'ಕೈತೂಟ'ವನ್ನು ಕೈತೋಟ ಮಾಡಿದೆ. ಆಮೇಲೆ ಅರ್ಥ ಮಾಡಿಕೊಂಡೆ.

ಬೀದಿಯ ಉಳಿದವರಿಗೆ ಚಿಂತೆಯಿರಲಿಲ್ಲ. ಅವರಿಗೆಲ್ಲ ಕಾರಿತ್ತು, ಸಿಮೆಂಟೇ ಬೇಕಿತ್ತು. ನಮಗೆ ಕಾರಿಲ್ಲ. ನಮಗಿದ್ದದ್ದು ನನ್ನ ಹೆಂಡತಿಯ ಬೆತ್ತದ ಕುರ್ಚಿ.

ಅವಳಿಗೆ ಮಂಡಿ ಆಪರೇಷನ್ ಆಗಿ ಎರಡು ವರ್ಷ. ಮಹಡಿ ಹತ್ತಲಾರಳು. ನಮ್ಮ ಮನೆಯೊಳಗೆ ಚಳಿಗಾಲವಿಡೀ ಬಿಸಿಲು ಕಾಲಿಡುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆವರೆಗೆ, ಎದುರಿನ ಎರಡು ಮನೆಗಳ ಸಂದಿಯಿಂದ ನುಸುಳಿ ಬಂದು ಬಿಸಿಲು ಬೀಳುವುದು ಆ ತುಂಡು ನೆಲದ ಮೇಲೆ ಮಾತ್ರ. ಅಲ್ಲಿ ಕುರ್ಚಿ ಹಾಕಿಕೊಂಡು, ಮಂಡಿಗೆ ಬಿಸಿಲು ಕೊಟ್ಟುಕೊಂಡು, ನನ್ನನ್ನು ಒಂದಿಷ್ಟು ಬೈದುಕೊಂಡು ಕೂರುತ್ತಾಳೆ. ದಿನದ ಉಳಿದ ಇಪ್ಪತ್ತೆರಡು ಗಂಟೆ ಅವಳಿಗೆ ಚಳಿ.

"ಅಲ್ಲಿ ಕಾರು ನಿಂತ್ರೆ ನಾನೆಲ್ಲಿ ಕೂರ್ಲಿ ರೀ? ಬಾನೆಟ್ ಮೇಲಾ?" ಎಂದು ಕೇಳಿದಳು.

ನಗುತ್ತಲೇ ಕೇಳಿದಳು. ನನಗೆ ಮಾತ್ರ ನಗು ಬರಲಿಲ್ಲ. "ನಿನ್ನ ಬಿಸಿಲು ನಾನು ಉಳಿಸ್ತೀನಿ ಕಣೇ," ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಾರನೇ ದಿನವೇ ನರ್ಸರಿಗೆ ಹೋಗಿ, ಚಳಿಗಾಲದಲ್ಲಿ ಹೂ ಬಿಡುವ ಗಿಡಗಳೆಲ್ಲ ಬೇಕು ಎಂದೆ. ನರ್ಸರಿಯವನು ನನ್ನನ್ನು ಕನಿಕರದಿಂದ ನೋಡಿದ.

"ಹೂವಿನ ಆಸೆ ಬಿಡಿ ಸಾರ್. ಈ ಚಳಿಗೆ ಹೂ ಎಷ್ಟು ದಿನ ತಡೆಯುತ್ತೆ? ಹೂ ಇದ್ದಾಗ ಎಲ್ಲಾ ತೋಟನೂ ಚೆಂದವೇ. ಒಳ್ಳೆ ಬಟ್ಟೆ ಹಾಕಿದ್ರೆ ಯಾರು ಬೇಕಾದ್ರೂ ಚೆನ್ನಾಗಿ ಕಾಣ್ತಾರೆ. ಚಳಿಗಾಲ ಅಂದ್ರೆ ತೋಟ ಬಟ್ಟೆ ಬಿಚ್ಚಿ ನಿಂತ ಹಾಗೆ. ಆಗ ಮೈಕಟ್ಟು ಇದ್ರೆ ಮಾತ್ರ ಮರ್ಯಾದೆ."

ನಾನು ಆಚೀಚೆ ನೋಡಿದೆ. ಪುಣ್ಯಕ್ಕೆ ಯಾರೂ ಇರಲಿಲ್ಲ. ಜೇಬಿನಿಂದ ಪುಸ್ತಕ ತೆಗೆದು ಅವನು ಹೇಳಿದ್ದನ್ನೆಲ್ಲ ಬರೆದುಕೊಂಡೆ. ನೆಲ ಚಪ್ಪಟೆಯಾಗಿರಬಾರದು, ಒಂದು ಕಡೆಯಾದರೂ ದಿಬ್ಬದಂತೆ ಉಬ್ಬಿರಬೇಕು. ಅಂಚು ಎದ್ದು ಕಾಣಬೇಕು, ಸುತ್ತ ಸುಣ್ಣ ಬಳಿದ ಕಲ್ಲು ಜೋಡಿಸಿದರೆ ಒಳ್ಳೆಯದು. ತಲೆಯ ಕಡೆಗೆ ಎಲೆ ಉದುರದ ಗಿಡ ಒಂದು ನೆಟ್ಟಗೆ ನಿಂತಿರಬೇಕು. ಒಣಗಿದ ಹೂವಿನ ತಲೆಗಳನ್ನು ಕೀಳಬಾರದು, ಅವಕ್ಕೂ ಒಂದು ಅಂದವಿದೆ. ಎಲೆ ಉದುರಿದ ಮೇಲೆ ಕಡ್ಡಿ ಕೆಂಪಗೆ ಕಾಣುವ ಪೊದೆ ಎರಡು ಬೇಕು. ಅವೆಲ್ಲವನ್ನೂ ಅವನೇ ಗಾಡಿಯಲ್ಲಿ ಕಳಿಸಿಕೊಟ್ಟ.

ದಿಬ್ಬದೊಳಗೆ ಏನು ನೆಡುವುದು ಎಂಬ ಪ್ರಶ್ನೆಯನ್ನು ದೊಡ್ಡತ್ತೆ ಬಗೆಹರಿಸಿದರು. ದೊಡ್ಡತ್ತೆ ಅಂದರೆ ನನ್ನ ಅಪ್ಪನ ಅಕ್ಕ. ವಯಸ್ಸು ಎಪ್ಪತ್ತೆಂಟು. ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿ ಒಬ್ಬರೇ ಇದ್ದಾರೆ, ಯಾಕೆಂದರೆ ಅವರ ಜೊತೆ ಇರುವ ಧೈರ್ಯ ಯಾರಿಗೂ ಇಲ್ಲ. ಅವರ ಗುಲಾಬಿ ಮಾತ್ರ ಸುತ್ತ ಹತ್ತೂರಿಗೆ ಹೆಸರುವಾಸಿ. ವಿಷಯ ತಿಳಿದ ಕೂಡಲೇ ಐದು ಗುಲಾಬಿ ಗಿಡಗಳನ್ನು ಬೇರು ಸಮೇತ ಕಿತ್ತು, ಗೋಣಿಚೀಲದಲ್ಲಿ ಕಟ್ಟಿ, ಬಸ್ಸಿನ ಮೇಲೆ ಹಾಕಿಸಿದರು. ಆಮೇಲೆ ಫೋನು ಮಾಡಿ ಅಪ್ಪಣೆ ಕೊಟ್ಟರು.

"ಗೇಣುದ್ದ ಬಿಟ್ಟು ಮಿಕ್ಕಿದ್ದೆಲ್ಲ ಕತ್ತರಿಸಿ ಹಾಕು. ಕನಿಕರ ಬೇಡ. ಕುತ್ತಿಗೆವರೆಗೂ ಮಣ್ಣು ಏರಿಸು. ಮೇಲೆ ಒಣ ಎಲೆ ಹೊದಿಸು. ಚಳಿ ಮುಗಿಯೋವರೆಗೂ ಹಾಗೇ ಮಲಗಿರಲಿ. ಏನಾಗಿದೆ ನೋಡೋಣ ಅಂತ ಮಧ್ಯದಲ್ಲಿ ಅಗೆದೆಯೋ, ಸತ್ತೇ ಹೋಗುತ್ತೆ. ತಿಳೀತಾ?"

"ತಿಳೀತು ದೊಡ್ಡತ್ತೆ."

"ನಿನಗೆ ತಿಳಿಯಲ್ಲ. ಫೋನು ನಿನ್ನ ಹೆಂಡ್ತಿಗೆ ಕೊಡು."

ಗೋಣಿ ಬಿಚ್ಚುವಾಗ ಬೆರಳಿಗೆ ಮುಳ್ಳು ಚುಚ್ಚಿ ನನ್ನ ಹೆಂಡತಿ, "ಅಬ್ಬಾ, ಥೇಟ್ ದೊಡ್ಡತ್ತೆನೇ!" ಎಂದು ಕೂಗಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಐದು ಗಿಡಕ್ಕೂ ದೊಡ್ಡತ್ತೆ ಎಂದೇ ಹೆಸರಾಯಿತು.

ಅವಳು ಹಿಡಿದುಕೊಂಡಳು, ನಾನು ಕತ್ತರಿಸಿದೆ. ಐದನ್ನೂ ಒಂದೇ ಸಾಲಿನಲ್ಲಿ ನೆಟ್ಟು ಮಣ್ಣು ಏರಿಸಿದೆ. ದಿಬ್ಬ ಆರಡಿ ಉದ್ದ, ಎರಡೂವರೆ ಅಡಿ ಅಗಲ ಆಯಿತು. ಸುತ್ತ ಬಿಳಿ ಕಲ್ಲು ಜೋಡಿಸಿದೆ. ತಲೆಯ ಕಡೆ ಹಸಿರು ಗಿಡ ನೆಟ್ಟಗೆ ನಿಂತಿತು. ರಸ್ತೆಯ ಆಚೆ ಹೋಗಿ ನಿಂತು ನೋಡಿದೆ. ಏನೋ ಒಂದು ಗಾಂಭೀರ್ಯ ಬಂದಿತ್ತು. ಇಂಥದ್ದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಯಾವುದೋ ದೊಡ್ಡ ಮನುಷ್ಯರ ತೋಟದಲ್ಲಿ ಇರಬೇಕು ಎಂದುಕೊಂಡೆ.

ಮಾರನೇ ದಿನ ಪೋಸ್ಟಿನವನು ಕಾಗದ ಕೊಡಲು ಬಂದವನು ನೇರವಾಗಿ ದಿಬ್ಬದ ಮೇಲೆ ಬೂಟುಗಾಲಿಟ್ಟು ಬಂದ. ನನ್ನ ಜೀವ ಬಾಯಿಗೆ ಬಂತು. ಅಂದೇ ಸಂಜೆ ಬೋರ್ಡು ಬರೆಯಲು ಕೂತೆ.

ಮೊದಲು ಬರೆದದ್ದು 'ಇಲ್ಲಿ ದೊಡ್ಡತ್ತೆ ಮಲಗಿದೆ' ಎಂದು. ಬರೆದ ಕೂಡಲೇ ಕಣ್ಣಿಗೆ ಹೊಡೆಯಿತು. ಗಿಡಕ್ಕಾದರೆ 'ಮಲಗಿದೆ' ಸರಿ. ಆದರೆ ವಾಕ್ಯದ ಕರ್ತೃ ದೊಡ್ಡತ್ತೆ. ಅಪ್ಪನ ಅಕ್ಕನಿಗೆ 'ಮಲಗಿದೆ' ಅನ್ನುವುದುಂಟೇ, ಅವರೇನು ಎಮ್ಮೆಯೇ? 'ಮಲಗಿದ್ದಾಳೆ' ಅಂದರೆ ಏಕವಚನ, ಗೊತ್ತಾದರೆ ಬಸ್ಸು ಹತ್ತಿ ಬಂದು ಕಿವಿ ಹಿಂಡುತ್ತಾರೆ. ಅರ್ಧ ಗಂಟೆ ಯೋಚಿಸಿ, ಭಾಷೆಗೂ ಬಳಗಕ್ಕೂ ಅನ್ಯಾಯವಾಗದಂತೆ, ಬಿಳಿ ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ಹೀಗೆ ಬರೆದೆ:

ಇಲ್ಲಿ ದೊಡ್ಡತ್ತೆ ಮಲಗಿದ್ದಾರೆ. ಮೆಲ್ಲಗೆ ನಡೆಯಿರಿ.
ವಸಂತದಲ್ಲಿ ಏಳುತ್ತಾರೆ.

ಬೋರ್ಡನ್ನು ದಿಬ್ಬದ ತಲೆಗೆ ನಿಲ್ಲಿಸಿದೆ, ಮುಖ ಬೀದಿಯ ಕಡೆಗೆ. ನನ್ನ ಹೆಂಡತಿಗೆ ಕಿಟಕಿಯಿಂದ ಕಂಡದ್ದು ಅದರ ಬೆನ್ನು ಮಾತ್ರ. ಆ ವಾರ ದಟ್ಟ ಮಂಜು ಕವಿದು ಬಿಸಿಲೇ ಇರಲಿಲ್ಲವಾದ್ದರಿಂದ ಅವಳು ಹೊರಗೆ ಬರಲೂ ಇಲ್ಲ. ಒಮ್ಮೆ ಮರ್ಯಾದೆ ಕೊಟ್ಟ ಮೇಲೆ ಮಾತಿನಲ್ಲೂ ಕೊಡಬೇಕಲ್ಲ, ಅಂದಿನಿಂದ ಆ ಗಿಡಗಳ ಬಗ್ಗೆ ಆಡುವಾಗಲೆಲ್ಲ ಬಹುವಚನ ಹಚ್ಚಿದೆ.

ಬೋರ್ಡು ನಿಲ್ಲಿಸಿದ ಮಾರನೇ ಬೆಳಿಗ್ಗೆ ನಾನು ದಿಬ್ಬಕ್ಕೆ ಒಣ ಎಲೆ ಹೊದಿಸುತ್ತಿದ್ದಾಗ ಪಕ್ಕದ ಮನೆಯ ಟೈಲರ್ ಬಂದ. ಕತ್ತಿನಲ್ಲಿ ಅಳತೆ ಟೇಪು. ಬೋರ್ಡು ಓದಿದ. ಇನ್ನೊಮ್ಮೆ ಓದಿದ. ಟೇಪನ್ನು ಕತ್ತಿನಿಂದ ತೆಗೆದು ಜೇಬಿಗೆ ಹಾಕಿಕೊಂಡ.

"ಯಾವಾಗ ಸಾರ್?" ಎಂದ ಮೆಲ್ಲಗೆ.

"ಭಾನುವಾರ. ಬೆಳಿಗ್ಗೆ ಬಸ್ಸಲ್ಲಿ ಬಂದ್ರು, ಮಧ್ಯಾಹ್ನದೊಳಗೆ ಮಣ್ಣೊಳಗೆ ಇಟ್ಟೆ. ತಡ ಮಾಡಬಾರದು ನೋಡಿ."

"ಬಸ್ಸಲ್ಲಿ ಬರೋವಾಗ ಚೆನ್ನಾಗಿದ್ರಾ?"

"ಗೋಣಿಚೀಲದಲ್ಲಿ ಕಟ್ಟಿ ಮೇಲೆ ಹಾಕಿದ್ರಲ್ಲ, ಸ್ವಲ್ಪ ಬಾಡಿದ್ರು."

ಟೈಲರ್ ಜೇಬಿನಲ್ಲಿದ್ದ ಟೇಪನ್ನು ಇನ್ನೂ ಒಳಕ್ಕೆ ತುರುಕಿದ. ತೋಟದ ವಿಷಯದಲ್ಲಿ ಇಷ್ಟು ಆಸಕ್ತಿಯಿಂದ ಕೇಳುವವರು ಸಿಕ್ಕಿದ್ದು ಅದೇ ಮೊದಲು. ನಾನು ಉತ್ಸಾಹದಿಂದ ಮುಂದುವರಿದೆ.

"ಉದ್ದ ಇದ್ದದ್ದನ್ನೆಲ್ಲ ಕತ್ತರಿಸಿಬಿಟ್ಟೆ. ಇಲ್ಲದಿದ್ರೆ ಈ ಅಳತೇಲಿ ಹಿಡಿಸ್ತಾನೇ ಇರ್ಲಿಲ್ಲ. ಅಳತೆ ವಿಷಯ ನಿಮಗೆ ಹೇಳಬೇಕಾ?"

"ನಿಮ್ಮ... ನಿಮ್ಮ ಮನೆಯವರಿಗೆ ಗೊತ್ತಾ?"

"ಗೊತ್ತಾ ಅಂದ್ರೆ! ಗಟ್ಟಿಯಾಗಿ ಹಿಡ್ಕೊಂಡಿದ್ದೇ ಅವಳು."

ಟೈಲರ್ ಹಿಂದು ಹಿಂದಕ್ಕೇ ನಡೆದುಕೊಂಡು ತನ್ನ ಮನೆ ಸೇರಿದ. ನನಗೆ ಬೆನ್ನು ತೋರಿಸಬಾರದು ಎಂಬ ಗೌರವ ಅಂದುಕೊಂಡೆ.

ಆಮೇಲೆ ನಡೆದದ್ದು ನನಗೆ ತಿಳಿದದ್ದು ವಾರ ಕಳೆದ ಮೇಲೆ. ಟೈಲರ್ ಓಡಿದ್ದು ಎದುರುಮನೆಯ ಟೀಚರಮ್ಮನ ಬಳಿಗೆ. ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾದ ಅವರು ಈಗ ಬೀದಿಗೆ ಪಾಠ ಹೇಳುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಅಲ್ಲ ಅವರು. ಎಲ್ಲ ಕೇಳಿ ಕನ್ನಡಕ ಒರೆಸಿ ತೀರ್ಪು ಕೊಟ್ಟರಂತೆ.

"ಕತ್ತರಿಸೋದು, ಗೋಣಿಚೀಲ, ಅದೆಲ್ಲ ಸುಳ್ಳು. ಆ ಮನುಷ್ಯನಿಗೆ ಒಂದು ಬದನೆಕಾಯಿ ಸರಿಯಾಗಿ ಹೆಚ್ಚೋಕೆ ಬರಲ್ಲ. ಪಾಪ, ಅತ್ತೆ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ. ಬೋರ್ಡು ನೋಡಿ, ವಸಂತದಲ್ಲಿ ಏಳ್ತಾರಂತೆ! ಎದುರು ಮಾತಾಡಬೇಡಿ. ಏನು ಹೇಳಿದ್ರೂ ಹೂಂ ಅನ್ನಿ. ಹೂ ತಗೊಂಡು ಹೋಗಿ ಇಟ್ಟು ಬನ್ನಿ."

ಹೇಳಿ ಕೈಕಟ್ಟಿ ಕೂರುವವರಲ್ಲ ಟೀಚರಮ್ಮ. ಅಂದೇ ಮಧ್ಯಾಹ್ನ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಕೈ ಹಿಡಿದುಕೊಂಡು ಕೂತರು.

"ನೀವು ಧೈರ್ಯ ತಂದ್ಕೋಬೇಕು."

ನನ್ನ ಹೆಂಡತಿಯ ತಲೆಯಲ್ಲಿ ಆಗ ಇದ್ದದ್ದು ಸಿಮೆಂಟು. "ಏನ್ ಧೈರ್ಯನೋ ಟೀಚರ್. ಸುದ್ದಿ ಬಂದ ದಿನವೇ ನನಗೆ ಕೈಕಾಲು ಆಡಲಿಲ್ಲ," ಅಂದಳು.

"ದೊಡ್ಡತ್ತೆ ಕೊನೆಯದಾಗಿ ಏನಾದ್ರೂ ಹೇಳಿದ್ರಾ?"

"ಫೋನಲ್ಲಿ ಹೇಳಿದ್ರು. ಕನಿಕರ ಬೇಡ, ಕತ್ತರಿಸಿ ಹಾಕು ಅಂತ."

ಟೀಚರಮ್ಮ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಗಂಡನ ಕಾಯಿಲೆ ಹೆಂಡತಿಗೂ ಹತ್ತಿದೆ ಎಂದು ಬೀದಿಯಲ್ಲಿ ಸಾರಿದರು.

ಅವತ್ತಿನಿಂದ ಹೂ ಬರತೊಡಗಿದವು. ಟೈಲರ್ ಹಳದಿ ಸೇವಂತಿಯ ಕುಂಡ ತಂದು ದಿಬ್ಬದ ಪಕ್ಕ ಇಟ್ಟು ತಲೆ ಬಗ್ಗಿಸಿ ನಿಂತ. ಮೂಲೆಮನೆಯವರು ಬಿಳಿ ಹೂವಿನ ಗುಚ್ಛ ತಂದರು. ಯಾವತ್ತೂ ನಮ್ಮ ಮುಖ ನೋಡದ ಮಹಡಿಮನೆಯವರು ಎರಡು ಕುಂಡ ತಂದರು. ಮೂರು ದಿನದಲ್ಲಿ ಆ ತುಂಡು ನೆಲ ಹೂವಿನ ಅಂಗಡಿಯಾಯಿತು. ನನ್ನ ಹೆಂಡತಿಯ ಬಿಸಿಲು ಉಳಿಯಲಿ ಎಂದು ಇಡೀ ಬೀದಿ, ಕಾರು ಇಟ್ಟುಕೊಂಡ ಬೀದಿ, ತಮ್ಮ ಮನೆಯ ಹೂ ತಂದು ಇಡುತ್ತಿದೆ! ಇಷ್ಟು ದಿನ ಇವರನ್ನು ಒಳಗೊಳಗೇ ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು.

ಟೈಲರ್ ಮತ್ತೆ ಬಂದಾಗ ಕೈ ಹಿಡಿದುಕೊಂಡೆ. "ನಿಮ್ಮ ಉಪಕಾರ ಮರೆಯಲ್ಲ. ಒಂದೇ ಮಾತು. ಎಲ್ಲರೂ ಹಳದಿ, ಬಿಳಿನೇ ತಂದಿದ್ದೀರಿ. ಸ್ವಲ್ಪ ಕೆಂಪು ಇದ್ದಿದ್ರೆ ಕಳೆ ಬರ್ತಿತ್ತು."

"ಹೂಂ," ಎಂದ ಟೈಲರ್.

"ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ನಗರಸಭೆಯವರು ನೋಡೋಕೆ ಬರ್ತಾರೆ. ಎಲ್ಲರೂ ಬಂದು ನಿಂತ್ಕೊಳ್ಳಿ, ನನಗೊಂದು ಬಲ."

"ಹೂಂ. ನಗರಸಭೆಯವರಿಗೂ ಹೇಳಿದ್ದೀರಾ?"

"ನಾನ್ಯಾಕೆ ಹೇಳ್ಲಿ? ಅವರೇ ನೋಟೀಸು ಕೊಟ್ಟಿದ್ದಾರೆ. ಚೆನ್ನಾಗಿಲ್ಲ ಅಂದ್ರೆ ಮೇಲೆ ಸಿಮೆಂಟ್ ಹಾಕ್ಬಿಡ್ತಾರಂತೆ."

"ಸಿಮೆಂಟ್ ಹಾಕಿದ್ರೆ ಗಟ್ಟಿಯಾಗಿ, ಅಚ್ಚುಕಟ್ಟಾಗಿ ಇರುತ್ತಲ್ಲ ಸಾರ್?" ಎಂದು ಅವನು ಸಮಾಧಾನದ ದನಿಯಲ್ಲಿ ಕೇಳಿದ.

"ಏನ್ ಮಾತಾಡ್ತೀರಿ! ಸಿಮೆಂಟ್ ಹಾಕಿದ್ರೆ ದೊಡ್ಡತ್ತೆ ಏಳೋದು ಹೇಗೆ?"

"ಹೂಂ," ಎಂದು ಹೇಳಿ ಟೈಲರ್ ಅವತ್ತೂ ಹಿಂದು ಹಿಂದಕ್ಕೇ ನಡೆದು ಹೋದ.

ಬುಧವಾರ ಬಂತು. ಮಂಜು ಕರಗುತ್ತಿತ್ತು, ಬಿಸಿಲು ಇನ್ನೂ ಸಂದಿಯವರೆಗೆ ಬಂದಿರಲಿಲ್ಲ. ನಾನು ಗೇಟಿನ ಹೊರಗೆ ಬಂದು ನೋಡಿದರೆ ಇಪ್ಪತ್ತು ಜನ ದಿಬ್ಬದ ಸುತ್ತ ಸಾಲಾಗಿ ನಿಂತಿದ್ದಾರೆ. ಟೀಚರಮ್ಮನ ಕೈಯಲ್ಲಿ ಒಂದು ಕಾಗದ. "ಈಗ ಎರಡು ನಿಮಿಷ ಮೌನ," ಎಂದರು ಅವರು. ತನಿಖೆಗೆ ಬರುವ ಅಧಿಕಾರಿಯನ್ನು ಸ್ವಾಗತಿಸುವ ಕ್ರಮ ಇರಬೇಕೆಂದು ನಾನೂ ತಲೆ ತಗ್ಗಿಸಿದೆ.

ಸಾಹೇಬರು ಬಂದದ್ದು ಆ ಮೌನದ ನಡುವೆ. ಕುಳ್ಳಗಿನ ಮನುಷ್ಯ, ದಪ್ಪ ಕೋಟು, ಉಣ್ಣೆ ಟೋಪಿ, ಕಂಕುಳಲ್ಲಿ ಫೈಲು. ಬೆಳಿಗ್ಗೆ ಏಳರಿಂದ ಬೀದಿ ಬೀದಿ ಸುತ್ತಿ ಮೂಗು ಕೆಂಪಾಗಿತ್ತು. ಜನ ನಿಂತ ರೀತಿ ನೋಡಿ ಏನೂ ಕೇಳದೆ ಟೋಪಿ ತೆಗೆದು ಅವರೂ ಸಾಲಿನ ಕೊನೆಗೆ ನಿಂತರು. ಎರಡು ನಿಮಿಷ ಮುಗಿದ ಮೇಲೆ ಟೈಲರನ ಕಿವಿಯಲ್ಲಿ, "ಯಾರು?" ಎಂದರು. ಟೈಲರ್ ಬೋರ್ಡು ತೋರಿಸಿದ.

ಸಾಹೇಬರು ಬೋರ್ಡು ಓದಿದರು. ದಿಬ್ಬ ನೋಡಿದರು. ಬಿಳಿ ಕಲ್ಲು, ಹೂವು, ಜನ ಎಲ್ಲ ನೋಡಿ ಫೈಲು ತೆರೆದರು.

"ಇದಕ್ಕೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲ," ಎಂದರು. "ತೋಟ ಆದ್ರೆ ನನ್ನ ವಿಭಾಗ. ಸಮಾಧಿ ಆದ್ರೆ ಆರೋಗ್ಯ ವಿಭಾಗ. ಮನೆ ಮುಂದೆ ಹೀಗೆಲ್ಲ ಮಾಡೋ ಹಾಗಿಲ್ಲ ಸ್ವಾಮಿ. ಅವರು ಬಂದು ತೆಗೆಸ್ತಾರೆ. ಆಮೇಲೆ ನಾವು ಸಿಮೆಂಟ್ ಹಾಕ್ತೀವಿ."

"ಸಮಾಧಿನಾ? ಯಾರ ಸಮಾಧಿ ಸಾರ್?" ಎಂದೆ ನಾನು.

ಇಪ್ಪತ್ತು ಜನ ಒಟ್ಟಿಗೆ ನನ್ನನ್ನು ನೋಡಿದರು. ಟೀಚರಮ್ಮ ಕಣ್ಣೊರೆಸಿಕೊಂಡರು. ನಾನು ತಿರುಗಿ, ನನ್ನ ಬೋರ್ಡನ್ನು ಮೊದಲ ಬಾರಿಗೆ ಬೀದಿಯವನಾಗಿ ಓದಿದೆ. ಆಗಲೂ, ಆ ಗಾಬರಿಯಲ್ಲೂ, ತಪ್ಪೇನಾದರೂ ಇದೆಯೇ ಎಂದು ನೋಡಿದೆ. ಇರಲಿಲ್ಲ.

"ಅಯ್ಯೋ, ಇದು ಗುಲಾಬಿ ಸಾರ್! ದೊಡ್ಡತ್ತೆ ಅಂದ್ರೆ ಗುಲಾಬಿ!"

"ಹೂಂ," ಎಂದಿತು ಇಡೀ ಬೀದಿ, ಮೃದುವಾಗಿ.

"ಗುಲಾಬಿ ಆದ್ರೆ ಅಗೆದು ತೋರಿಸಿ," ಎಂದರು ಸಾಹೇಬರು.

"ಅಗೆದ್ರೆ ದೊಡ್ಡತ್ತೆ ಸಾಯ್ತಾರೆ ಸಾರ್!"

"ಇನ್ನೊಂದ್ಸಲನಾ?" ಎಂದ ಟೈಲರ್.

ಅಗೆದರೆ ಗಿಡ ಸಾಯುತ್ತದೆ, ತೋಟ ಹೋಗುತ್ತದೆ. ಅಗೆಯದಿದ್ದರೆ ಸಮಾಧಿಯಾಗುತ್ತದೆ, ನೆಲವೇ ಹೋಗುತ್ತದೆ. ಎರಡರಲ್ಲೂ ಕೊನೆಗೆ ಬರುವುದು ಸಿಮೆಂಟು. ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದ ನನ್ನ ಹೆಂಡತಿಯ ಮುಖ ನೋಡುವ ಧೈರ್ಯ ಆಗಲಿಲ್ಲ. ಬಿಸಿಲು ಉಳಿಸುತ್ತೇನೆ ಎಂದವನು ನಾನು. ಗಟ್ಟಿಯಾಗಿ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅಳು ಬಂದಿತ್ತು.

"ಯಾರೋ ಅದು, ನನ್ನನ್ನ ಅಗೆಯೋಕೆ ಬಂದಿರೋನು?"

ಜನರ ಹಿಂದಿನಿಂದ ಬಂದ ಆ ದನಿಗೆ ಸಾಲು ತಾನಾಗಿ ಇಬ್ಭಾಗವಾಯಿತು. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಕೊಡೆ ಹಿಡಿದು ದೊಡ್ಡತ್ತೆ ನಿಂತಿದ್ದರು. ತನಿಖೆ ಇವತ್ತು ಎಂದು ನನ್ನ ಹೆಂಡತಿ ಫೋನಿನಲ್ಲಿ ಹೇಳಿದ್ದಕ್ಕೆ ಮೊದಲ ಬಸ್ಸಿಗೇ ಹತ್ತಿ ಬಂದಿದ್ದರು. "ಅತ್ತೆ, ಬಂದ್ರಾ!" ಎಂದು ಅವಳು ಬಾಗಿಲಿನಿಂದ ಕೂಗಿದಳು. ಟೈಲರ್ ಇದ್ದಲ್ಲೇ ಕೂತುಬಿಟ್ಟ.

ದೊಡ್ಡತ್ತೆ ಬೋರ್ಡಿನ ಮುಂದೆ ನಿಂತು ಗಟ್ಟಿಯಾಗಿ, ನಿಧಾನವಾಗಿ ಓದಿದರು. ಕೊನೆಯ ಸಾಲನ್ನು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಏನೋ ಇದು?"

"ಮೊದಲು 'ಮಲಗಿದೆ' ಅಂತಲೇ ಬರೆದಿದ್ದೆ ದೊಡ್ಡತ್ತೆ. ನಿಮಗೆ ಮರ್ಯಾದೆ ಕೊಡೋಣ ಅಂತ..."

"ಮರ್ಯಾದೆ ಕೊಟ್ಟು ಮಣ್ಣು ಮಾಡಿದ್ಯಾ!"

ಟೀಚರಮ್ಮ ಕೈಯಲ್ಲಿದ್ದ ಕಾಗದವನ್ನು ಸೆರಗಿನ ಮರೆಗೆ ಸರಿಸುತ್ತಿದ್ದರು. ದೊಡ್ಡತ್ತೆಯ ಕಣ್ಣಿಗೆ ಅದು ತಪ್ಪಲಿಲ್ಲ.

"ಅದೇನು, ನನ್ನ ಬಗ್ಗೆ ಬರೆದದ್ದಾ? ಓದಿ. ಇದನ್ನ ಕೇಳೋ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತೆ?"

ಟೀಚರಮ್ಮ ಕಾಗದ ಬಿಚ್ಚಿ ಓದಿದರು. "ಶಾಂತ ಸ್ವಭಾವದವರೂ ಮಿತಭಾಷಿಯೂ ಆಗಿದ್ದ..." ನನ್ನ ಹೆಂಡತಿಗೆ ಜೋರಾಗಿ ಕೆಮ್ಮು ಬಂತು. "ಎಲ್ಲರಿಗೂ ಬೇಕಾದವರಾಗಿದ್ದ, ಸೋದರಳಿಯನನ್ನು ಕಣ್ಣರೆಪ್ಪೆಯಂತೆ ಕಾಪಾಡಿದ..."

"ಸಾಕು. ಚೆನ್ನಾಗಿದೆ. ಆ ಕಾಗದ ನನಗೆ ಕೊಡಿ," ಎಂದು ದೊಡ್ಡತ್ತೆ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ದಿಬ್ಬದ ಬಳಿ ಕೂತು, ಒಣ ಎಲೆಯನ್ನು ಎರಡು ಬೆರಳಷ್ಟು ಸರಿಸಿ, ಮಣ್ಣಿನಿಂದ ಇಣುಕುತ್ತಿದ್ದ ಗುಲಾಬಿಯ ಕಡ್ಡಿಯನ್ನು ಉಗುರಿನಿಂದ ಕೆರೆದರು.

"ಬನ್ನಿ ಸಾಹೇಬ್ರೆ, ನೋಡಿ. ಹಸಿರಿದೆ. ಹಸಿರಿದ್ರೆ ಜೀವ ಇದೆ. ಅಗೆಯೋದೇನೂ ಬೇಡ."

ಸಾಹೇಬರು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ ಒಪ್ಪಿದರು. "ಸಮಾಧಿ ಅಲ್ಲ, ತೋಟ," ಎಂದು ಬರೆದುಕೊಂಡರು. "ಇನ್ನು ಅಂದದ ವಿಷಯ. ಹೂವೇನೋ ಬೇಕಾದಷ್ಟಿದೆ..."

"ಈ ಹೂ ಯಾವುದೂ ನಮ್ಮದಲ್ಲ," ಎಂದರು ದೊಡ್ಡತ್ತೆ. "ಸತ್ತೋರಿಗೆ ಅಂತ ತಂದದ್ದು. ಸತ್ತೋರು ಯಾರೂ ಇಲ್ಲ. ಎಲ್ಲಾ ನಿಮ್ಮ ನಿಮ್ಮ ಮನೆಗೆ ತಗೊಂಡು ಹೋಗಿ."

"ದೊಡ್ಡತ್ತೆ, ಇವತ್ತೊಂದಿನ ಇರ್ಲಿ..." ಎಂದೆ ನಾನು, ಸಾಹೇಬರಿಗೆ ಕೇಳದಂತೆ.

"ಬಾಯ್ಮುಚ್ಚು. ಕಂಡೋರ ಹೂ ಇಟ್ಟು ಪಾಸಾಗೋ ತೋಟ ನಮಗೆ ಬೇಡ."

ಮಿತಭಾಷಿ ಹೇಳಿದ ಮೇಲೆ ಕೇಳದವರುಂಟೇ? ಐದು ನಿಮಿಷದಲ್ಲಿ ಕುಂಡ, ಗುಚ್ಛ ಎಲ್ಲ ಹೋದವು. ಟೈಲರ್ ತನ್ನ ಸೇವಂತಿಯನ್ನು ತಬ್ಬಿಕೊಂಡು ಓಡಿದ. ಉಳಿದದ್ದು ಒಂದು ದಿಬ್ಬ, ಬಿಳಿ ಕಲ್ಲು, ಒಂದು ಹಸಿರು ಗಿಡ, ಎರಡು ಬೋಳು ಪೊದೆ, ಒಣಗಿದ ಹೂವಿನ ತಲೆಗಳು. ಸಾಹೇಬರು ಫಾರಂ ನೋಡಿದರು, ನೆಲ ನೋಡಿದರು. 'ಚಳಿಗಾಲದಲ್ಲಿ ಅಂದವಾಗಿದೆಯೇ' ಎಂಬ ಕಾಲಂನ ಮುಂದೆ ಪೆನ್ನು ನಿಂತಿತು.

"ಹೂವೇ ಇಲ್ಲವಲ್ಲ ಸ್ವಾಮಿ," ಎಂದರು, ಬೇಸರದಿಂದಲೇ.

ಅಷ್ಟರಲ್ಲಿ ಕೋಲೂರಿಕೊಂಡು ನನ್ನ ಹೆಂಡತಿ ಹೊರಗೆ ಬಂದಳು. ಗೋಡೆಗೆ ಒರಗಿಸಿಟ್ಟಿದ್ದ ಬೆತ್ತದ ಕುರ್ಚಿಯನ್ನು ತಾನೇ ಎಳೆದು ಅದರ ಜಾಗದಲ್ಲಿ ಇಟ್ಟಳು.

"ನಿಂತು ನೋಡಿದ್ರೆ ಕಾಣಲ್ಲ ಸಾರ್. ಇಲ್ಲಿ ಕೂತು ನೋಡಿ. ಪಾಪ, ಎಷ್ಟು ಹೊತ್ತಿಂದ ಈ ಚಳೀಲಿ ಓಡಾಡ್ತಿದ್ದೀರೋ."

ಸಾಹೇಬರು ಅನುಮಾನದಿಂದಲೇ ಕೂತರು. ಅದೇ ಹೊತ್ತಿಗೆ ಎದುರಿನ ಸಂದಿಯಿಂದ ಬಿಸಿಲು ಬಂತು. ಬೋಳು ಪೊದೆಯ ಕಡ್ಡಿಗಳೆಲ್ಲ ಕೆಂಪಗೆ ಹೊತ್ತಿಕೊಂಡವು. ಒಣ ಹೂವಿನ ತಲೆಗಳ ಮೇಲೆ ಕೂತಿದ್ದ ಇಬ್ಬನಿ ಮಿನುಗಿತು. ದಿಬ್ಬದ ಒಂದು ಮಗ್ಗುಲು ಹೊಳೆದು, ಇನ್ನೊಂದು ಮಗ್ಗುಲಿಗೆ ನೆರಳು ಬಿತ್ತು. ನರ್ಸರಿಯವನು ಹೇಳಿದ ಮೈಕಟ್ಟು ಅಂದರೆ ಏನೆಂದು ನನಗೂ ಅರ್ಥವಾದದ್ದು ಆವತ್ತೇ. ಹೂ ತುಂಬಿಟ್ಟಾಗ ಇದ್ಯಾವುದೂ ಕಂಡಿರಲಿಲ್ಲ.

"ಓ," ಎಂದರು ಸಾಹೇಬರು. ಕೋಟಿನ ಮೇಲಿನ ಗುಂಡಿ ಬಿಚ್ಚಿದರು. ಸ್ವಲ್ಪ ಹೊತ್ತಿಗೆ ಕಾಲು ಚಾಚಿದರು. ಅವರ ಕೆಂಪು ಮೂಗು ತನ್ನ ಬಣ್ಣಕ್ಕೆ ಬಂತು. ಫೈಲು ಮಡಿಲಿಗೆ ಜಾರಿತು. ಗಲ್ಲ ಎದೆಗೆ ತಾಗಿತು. ಸಣ್ಣಗೆ ಗೊರಕೆ ಕೇಳಿಬಂತು.

ನಾನು ಎಬ್ಬಿಸಲು ಹೋದೆ. ದೊಡ್ಡತ್ತೆ ಕೊಡೆಯಿಂದ ನನ್ನ ಕಾಲಿಗೆ ಒಂದು ಕೊಟ್ಟು ತುಟಿಯ ಮೇಲೆ ಬೆರಳಿಟ್ಟರು. ಇಪ್ಪತ್ತು ಜನ ಬಿಸಿಲಿನ ಅಂಚಿನಲ್ಲಿ ಒತ್ತೊತ್ತಾಗಿ ನಿಂತರು. ಒಬ್ಬೊಬ್ಬರೇ ಕೈ ಚಾಚಿ ಬಿಸಿಲಿಗೆ ಹಿಡಿದರು. ಟೀಚರಮ್ಮ ಕನ್ನಡಕ ತೆಗೆದು ಮುಖವನ್ನೇ ಬಿಸಿಲಿಗೆ ಒಡ್ಡಿದರು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಸಾಹೇಬರು ಕಣ್ಣು ಬಿಟ್ಟರು. ಸುತ್ತ ನಿಂತವರನ್ನು ನೋಡಿ ಗಂಟಲು ಸರಿಮಾಡಿಕೊಂಡರು. ಫೈಲು ತೆರೆದು ಆ ಕಾಲಂನಲ್ಲಿ ದುಂಡಗೆ ಬರೆದರು: "ಹೌದು. ಒಂದು ಗಂಟೆ ಕಾಲ ಸ್ಥಳದಲ್ಲೇ ಕುಳಿತು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಜಾಗ ಇವರಿಗೇ ಉಳಿಯತಕ್ಕದ್ದು."

ಸಹಿ ಹಾಕಿ, ಮುದ್ರೆ ಒತ್ತಿ, ಎದ್ದು ಟೋಪಿ ಹಾಕಿಕೊಂಡರು. ನಾಲ್ಕು ಹೆಜ್ಜೆ ಹೋದವರು ಮತ್ತೆ ತಿರುಗಿ ಬಂದು, ಯಾರಿಗೂ ಕೇಳದ ಹಾಗೆ ನನ್ನ ಹೆಂಡತಿಯನ್ನು ಕೇಳಿದರು:

"ಅಮ್ಮಾ, ನಾಳೆನೂ ಒಂದ್ಸಲ ಪರಿಶೀಲನೆಗೆ ಬರಬಹುದಾ?"

"ಧಾರಾಳವಾಗಿ ಬನ್ನಿ ಸಾರ್," ಎಂದು ಅವಳು ತನ್ನ ಕುರ್ಚಿಯಲ್ಲಿ ಕೂತು ಮಂಡಿಯನ್ನು ಬಿಸಿಲಿಗೆ ಚಾಚಿದಳು. "ಬರೋವಾಗ ನಿಮ್ಮ ಕುರ್ಚಿ ನೀವೇ ತನ್ನಿ."